ಹದಿಮೂರೂವರೆ ಕೋಟಿ ಒಂದುಗಳು

881694 ಎಂದು ಶುರುವಾಗಿ 486871551 ಎಂದು ಮುಗಿಯುವ ಒಂದು ಸಂಖ್ಯೆ ಇದೆ. ನಡುವಿನ ಅಂಕಿಗಳನ್ನು ಇಲ್ಲಿ ಅಚ್ಚು ಹಾಕುವ ಮಾತೇ ಇಲ್ಲ, ಏಕೆಂದರೆ ಅದರಲ್ಲಿ ಒಟ್ಟು 4,10,24,320 ಅಂಕಿಗಳಿವೆ. ಸೆಕೆಂಡಿಗೊಂದು ಅಂಕಿಯಂತೆ ಊಟ ನಿದ್ದೆ ಬಿಟ್ಟು ಓದುತ್ತ ಕೂತರೂ ಮುಗಿಸಲು 475 ದಿನ ಬೇಕು. ಇಷ್ಟುದ್ದದ ಸಂಖ್ಯೆಯನ್ನು ಶೇಷ ಉಳಿಯದಂತೆ ಭಾಗಿಸಬಲ್ಲವು ಎರಡೇ: 1 ಮತ್ತು ಅದೇ ಸಂಖ್ಯೆ. ಅಂದರೆ ಶಾಲೆಯ ಗಣಿತದಲ್ಲಿ 2, 3, 5, 7 ಎಂದು ಕಲಿತ ಅವಿಭಾಜ್ಯ ಸಂಖ್ಯೆಗಳ ಕುಲಕ್ಕೇ ಇದೂ ಸೇರಿದೆ.

ಇದು ಸಿಕ್ಕಿದ್ದು 2024ರ ಅಕ್ಟೋಬರಿನಲ್ಲಿ. ಹಿಂದೆ ಎನ್ವಿಡಿಯಾ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಅಮೆರಿಕದ ಲ್ಯೂಕ್ ಡುರಾಂಟ್, 17 ದೇಶಗಳಲ್ಲಿ ಹರಡಿದ್ದ ಕ್ಲೌಡ್ ಕಂಪ್ಯೂಟರುಗಳ ಗ್ರಾಫಿಕ್ಸ್ ಚಿಪ್‌ಗಳನ್ನು ಈ ಹುಡುಕಾಟಕ್ಕೆ ಹಚ್ಚಿದ್ದರು. ಅಕ್ಟೋಬರ್ 11ರಂದು ಐರ್ಲೆಂಡಿನ ಡಬ್ಲಿನ್‌ನಲ್ಲಿದ್ದ ಒಂದು ಚಿಪ್ ‘ಇದು ಅವಿಭಾಜ್ಯ ಇದ್ದೀತು’ ಎಂದಿತು. ಮರುದಿನ ಟೆಕ್ಸಾಸಿನ ಸ್ಯಾನ್ ಆಂಟೋನಿಯೊದ ಇನ್ನೊಂದು ಚಿಪ್ ಬೇರೆ ವಿಧಾನದಲ್ಲಿ ಲೆಕ್ಕ ಹಾಕಿ ‘ಹೌದು’ ಎಂದಿತು. ಬೇರೆ ಬೇರೆ ಯಂತ್ರಗಳಲ್ಲಿ, ಬೇರೆ ಬೇರೆ ಪ್ರೋಗ್ರಾಂಗಳಿಂದ ಮತ್ತೆ ಮತ್ತೆ ಪರೀಕ್ಷಿಸಿದ ಮೇಲೆ ಅಕ್ಟೋಬರ್ 21ರಂದು ಸುದ್ದಿಯನ್ನು ಹೊರಗೆಡಹಿದರು.

ಪತ್ರಿಕೆಗಳು ಇದನ್ನು ‘ಜಗತ್ತಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ’ ಎಂದು ಬರೆದವು. ಅಂಥದ್ದು ಇರಲು ಸಾಧ್ಯವೇ ಇಲ್ಲ. ಅವಿಭಾಜ್ಯಗಳ ಪಟ್ಟಿಗೆ ಕೊನೆಯಿಲ್ಲ ಎಂದು ಯೂಕ್ಲಿಡ್ ಎರಡು ಸಾವಿರ ವರ್ಷಕ್ಕೂ ಹಿಂದೆ ತೋರಿಸಿಕೊಟ್ಟಿದ್ದಾನೆ. ನಿಮ್ಮ ಬಳಿ ಇರುವ ಅವಿಭಾಜ್ಯಗಳನ್ನೆಲ್ಲ ಗುಣಿಸಿ ಒಂದು ಕೂಡಿಸಿ. ಬಂದದ್ದನ್ನು ಆ ಪಟ್ಟಿಯ ಯಾವ ಸಂಖ್ಯೆಯಿಂದ ಭಾಗಿಸಿದರೂ ಒಂದು ಶೇಷ ಉಳಿಯುತ್ತದೆ. ಹಾಗಾದರೆ ಪಟ್ಟಿಯಲ್ಲಿಲ್ಲದ ಅವಿಭಾಜ್ಯ ಇನ್ನೊಂದು ಇದ್ದೇ ಇರಬೇಕು. ಡುರಾಂಟ್ ಹಿಡಿದದ್ದು ನಮಗೆ ಗೊತ್ತಿರುವವುಗಳಲ್ಲಿ ದೊಡ್ಡದನ್ನು, ಅಷ್ಟೆ. ಅದಕ್ಕಿಂತ ಚಿಕ್ಕವಾಗಿಯೂ ನಮ್ಮ ಕಣ್ಣಿಗೆ ಬೀಳದ ಅವಿಭಾಜ್ಯಗಳು ಲೆಕ್ಕಕ್ಕೆ ನಿಲುಕದಷ್ಟಿವೆ. ಅವುಗಳ ನಡುವೆ ಇದೊಂದೇ ಸಿಕ್ಕಿದ್ದಕ್ಕೆ ಕಾರಣ ಅದರ ಆಕಾರ.

ಆ ಆಕಾರ ಇದು: 2ನ್ನು 2ರಿಂದಲೇ ಗುಣಿಸುತ್ತ ಹೋಗಿ, ಒಟ್ಟು 13,62,79,841 ಎರಡುಗಳ ಗುಣಲಬ್ಧ ತೆಗೆದು, ಅದರಿಂದ ಒಂದನ್ನು ಕಳೆಯಬೇಕು. ಗಣಿತದ ಬರಹದಲ್ಲಿ 2¹³⁶²⁷⁹⁸⁴¹ − 1. ಕಂಪ್ಯೂಟರ್ ಬಳಸುವ ದ್ವಿಮಾನ ಪದ್ಧತಿಯಲ್ಲಿ, ಅಂದರೆ 0 ಮತ್ತು 1 ಮಾತ್ರ ಇರುವ ಲಿಪಿಯಲ್ಲಿ ಬರೆದರೆ, ಈ ಸಂಖ್ಯೆಯಲ್ಲಿ ಒಂದೂ ಸೊನ್ನೆಯಿಲ್ಲ. ಸಾಲಾಗಿ ಹದಿಮೂರೂವರೆ ಕೋಟಿಗೂ ಮೀರಿದ ಒಂದುಗಳು.

ಬರೀ ಒಂದುಗಳಿರುವ ಸಂಖ್ಯೆಗಳಿಗೆ ಒಂದು ಗುಣವಿದೆ. ಆರು ಒಂದುಗಳ 111111 ತೆಗೆದುಕೊಳ್ಳಿ. ನಮ್ಮ ಲೆಕ್ಕದಲ್ಲಿ ಅದು 63. ಆರನ್ನು ಎರಡೆರಡರ ಮೂರು ಜೋಡಿ ಮಾಡಬಹುದಾದ್ದರಿಂದ ಎರಡು ಒಂದುಗಳ 11, ಅಂದರೆ 3, ಇದನ್ನು ಸಲೀಸಾಗಿ ಭಾಗಿಸುತ್ತದೆ. ಮೂರು ಮೂರಾಗಿ ಒಡೆದರೆ 111, ಅಂದರೆ 7 ಕೂಡ ಭಾಗಿಸುತ್ತದೆ. ಹೀಗೆ ಒಂದುಗಳ ಸಾಲನ್ನು ಸಮ ತುಂಡುಗಳಾಗಿ ಒಡೆಯಲು ಬರುವಂತಿದ್ದರೆ ಆ ಸಂಖ್ಯೆ ಅವಿಭಾಜ್ಯವಾಗುವ ಆಸೆ ಅಲ್ಲಿಗೇ ಮುಗಿಯಿತು. ಆದ್ದರಿಂದ ಒಂದುಗಳ ಎಣಿಕೆ, ಅಂದರೆ 2ರ ಘಾತಾಂಕವೂ ಅವಿಭಾಜ್ಯವೇ ಆಗಿರಬೇಕು. 13,62,79,841 ಅವಿಭಾಜ್ಯವೇ ಹೌದು. ಆದರೆ ಅಷ್ಟಿದ್ದರೆ ಸಾಲದು. 11 ಅವಿಭಾಜ್ಯ, 2¹¹ − 1 ಅಂದರೆ 2047 ಮಾತ್ರ 23 × 89. ಈ ಒಡಕನ್ನು 1536ರಲ್ಲಿ ಹುಡಲ್ರಿಕಸ್ ರೇಜಿಯಸ್ ಎಂಬಾತ ಪುಸ್ತಕದಲ್ಲೇ ಬರೆದಿಟ್ಟ.

ಈ ಜಾತಿಯ ಸಂಖ್ಯೆಗಳಿಗೆ ಹೆಸರು ಕೊಟ್ಟವನು ಫ್ರಾನ್ಸಿನ ಪಾದ್ರಿ ಮರೆನ್ ಮರ್ಸೆನ್. 257ರವರೆಗಿನ ಘಾತಾಂಕಗಳಲ್ಲಿ 2, 3, 5, 7, 13, 17, 19, 31, 67, 127, 257 ಇವಿಷ್ಟೇ ಅವಿಭಾಜ್ಯ ಕೊಡುತ್ತವೆ ಎಂದು ಅವನು 1644ರಲ್ಲಿ ಘೋಷಿಸಿದ. ಪಟ್ಟಿಯಲ್ಲಿ ಐದು ತಪ್ಪುಗಳಿದ್ದವು: 67 ಮತ್ತು 257 ಇರಬಾರದಿತ್ತು, 61, 89, 107 ಬಿಟ್ಟುಹೋಗಿದ್ದವು. ಅವನ್ನು ಪತ್ತೆಹಚ್ಚಿ ಪಟ್ಟಿ ತಿದ್ದಲು ಗಣಿತಜ್ಞರಿಗೆ ಮೂರು ಶತಮಾನ ಹಿಡಿಯಿತು. ಹೆಸರು ಮಾತ್ರ ಮರ್ಸೆನ್‌ನದೇ ಉಳಿಯಿತು. ತಪ್ಪು ಪಟ್ಟಿಯಿಂದ ಇಷ್ಟು ಕೀರ್ತಿ ಗಳಿಸಿದವರು ಗಣಿತದಲ್ಲಿ ಹೆಚ್ಚಿಲ್ಲ.

ಆ ಪಟ್ಟಿಯ 31ನ್ನು ನಾವೆಲ್ಲ ಪರೋಕ್ಷವಾಗಿ ಬಲ್ಲೆವು. 2³¹ − 1, ಅಂದರೆ 214,74,83,647 ಅವಿಭಾಜ್ಯ ಎಂದು ಆಯ್ಲರ್ 1772ರಲ್ಲಿ ಸಾಧಿಸಿದ. ಒಂದು ಬಿಟ್ಟನ್ನು ಧನ–ಋಣ ಚಿಹ್ನೆಗೆ ಮೀಸಲಿಟ್ಟ 32 ಬಿಟ್‌ಗಳ ಕಂಪ್ಯೂಟರ್ ಲೆಕ್ಕದಲ್ಲಿ ಹಿಡಿಸುವ ಅತಿ ದೊಡ್ಡ ಧನ ಪೂರ್ಣಾಂಕವೂ ಇದೇ. 2014ರಲ್ಲಿ ಕೊರಿಯಾದ ‘ಗಂಗ್ನಮ್ ಸ್ಟೈಲ್’ ಹಾಡಿನ ವೀಕ್ಷಣೆಗಳು ಈ ಸಂಖ್ಯೆಯನ್ನು ದಾಟಿದಾಗ ಯೂಟ್ಯೂಬ್ ತನ್ನ ಎಣಿಕೆಯ ಮಿತಿಯನ್ನೇ ಹಿಗ್ಗಿಸಬೇಕಾಯಿತು. 1970ರ ಜನವರಿ 1ರಿಂದ ಸೆಕೆಂಡುಗಳನ್ನು ಎಣಿಸುವ ಹಳೆಯ ಕಂಪ್ಯೂಟರ್ ಗಡಿಯಾರಗಳು 2038ರ ಜನವರಿ 19ರಂದು ಇದೇ ಸಂಖ್ಯೆಯ ಗೋಡೆಗೆ ಬಡಿಯಲಿವೆ.

ಇನ್ನು 67ರ ಕಥೆ. 2⁶⁷ − 1 ಅವಿಭಾಜ್ಯವಲ್ಲ ಎಂದು 1876ರಲ್ಲಿ ಫ್ರಾನ್ಸಿನ ಎಡ್ವರ್ಡ್ ಲ್ಯೂಕಾಸ್ ತೋರಿಸಿದ. ಹಾಗಾದರೆ ಅದನ್ನು ಭಾಗಿಸುವ ಸಂಖ್ಯೆ ಯಾವುದು? ಲ್ಯೂಕಾಸ್‌ಗೆ ಗೊತ್ತಿರಲಿಲ್ಲ. 27 ವರ್ಷಗಳ ನಂತರ, 1903ರ ಅಕ್ಟೋಬರಿನಲ್ಲಿ, ಅಮೆರಿಕನ್ ಮ್ಯಾಥಮ್ಯಾಟಿಕಲ್ ಸೊಸೈಟಿಯ ಸಭೆಯಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ಉತ್ತರ ಕೊಟ್ಟರು: 19,37,07,721 × 761838257287. ಕೋಲ್ ತುಟಿ ಬಿಚ್ಚದೆ ಹಲಗೆಯ ಮೇಲೆ ಗುಣಾಕಾರ ಮಾಡಿ ಬಂದು ಕುರ್ಚಿಯಲ್ಲಿ ಕೂತರು, ಸಭೆ ಎದ್ದು ಚಪ್ಪಾಳೆ ತಟ್ಟಿತು, ಇದಕ್ಕೆ ಮೂರು ವರ್ಷಗಳ ಭಾನುವಾರಗಳು ಖರ್ಚಾದವು ಎಂದು ಆಮೇಲೆ ಹೇಳಿದರು ಎಂಬ ಕಥೆ ಗಣಿತ ಲೋಕದಲ್ಲಿ ಓಡಾಡುತ್ತಿದೆ. ಉಪ್ಪುಖಾರ ಸ್ವಲ್ಪ ಹೆಚ್ಚಿರಬಹುದು. ಅದರಲ್ಲಿ ಅಡಗಿರುವ ಗಣಿತ ಮಾತ್ರ ಗಟ್ಟಿ: ಒಂದು ಸಂಖ್ಯೆ ಒಡೆಯುತ್ತದೆಯೇ ಎಂದು ತಿಳಿಯುವುದು ಬೇರೆ, ಅದನ್ನು ಒಡೆದು ತೋರಿಸುವುದು ಬೇರೆ. ಮೊದಲನೆಯದು ಎರಡನೆಯದಕ್ಕಿಂತ ಎಷ್ಟೋ ಸುಲಭ.

ಲ್ಯೂಕಾಸ್ ಕಂಡುಹಿಡಿದದ್ದು ಆ ಸುಲಭದ ದಾರಿಯನ್ನೇ. 1930ರ ಹೊತ್ತಿಗೆ ಅಮೆರಿಕದ ಡಿ. ಎಚ್. ಲೆಹ್ಮರ್ ಅದನ್ನು ಚೊಕ್ಕಗೊಳಿಸಿದರು. ಹಾಗಾಗಿ ಲ್ಯೂಕಾಸ್–ಲೆಹ್ಮರ್ ಪರೀಕ್ಷೆ ಎಂಬ ಹೆಸರು. ಪ್ರೌಢಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕ ಇದು. 4ರಿಂದ ಶುರುಮಾಡಿ. ವರ್ಗ ಮಾಡಿ, 2 ಕಳೆಯಿರಿ, ಪರೀಕ್ಷಿಸಬೇಕಾದ ಸಂಖ್ಯೆಯಿಂದ ಭಾಗಿಸಿ ಶೇಷವನ್ನಷ್ಟೇ ಇಟ್ಟುಕೊಳ್ಳಿ. ಆ ಶೇಷವನ್ನು ಹಿಡಿದು ಮತ್ತೆ ಅದನ್ನೇ ಮಾಡಿ. ಘಾತಾಂಕಕ್ಕಿಂತ ಎರಡು ಕಡಿಮೆ ಸಲ ಹೀಗೆ ಮಾಡಿದಾಗ ಶೇಷ ಸೊನ್ನೆ ಬಂದರೆ ಸಂಖ್ಯೆ ಅವಿಭಾಜ್ಯ, ಬರದಿದ್ದರೆ ಅಲ್ಲ. ನಡುವೆ ‘ಇರಬಹುದು’ ಎಂಬುದಕ್ಕೆ ಜಾಗವಿಲ್ಲ.

2⁵ − 1, ಅಂದರೆ 31ನ್ನು ಪರೀಕ್ಷಿಸೋಣ. ಘಾತಾಂಕ 5, ಹಾಗಾಗಿ ಮೂರು ಸಲ. 4ರ ವರ್ಗ 16, ಎರಡು ಕಳೆದರೆ 14. 14ರ ವರ್ಗ 196, ಎರಡು ಕಳೆದರೆ 194. 31ರಿಂದ ಭಾಗಿಸಿದರೆ ಶೇಷ 8. 8ರ ವರ್ಗ 64, ಎರಡು ಕಳೆದರೆ 62. 31ರಿಂದ ಭಾಗಿಸಿದರೆ ಶೇಷ ಸೊನ್ನೆ. ಪಾಸು. ಇದೇ ಪರೀಕ್ಷೆಗೆ 2047ನ್ನು ಕೂರಿಸಿದರೆ ಒಂಬತ್ತನೆಯ ಸಲ 1736 ಶೇಷ ಬರುತ್ತದೆ. ನಪಾಸು. 23 ಮತ್ತು 89ರ ಹೆಸರನ್ನು ಅದು ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ.

ಒಂದುಗಳ ಸಾಲು ನಿಜವಾಗಿ ಕೈಹಿಡಿಯುವುದು ಭಾಗಾಕಾರದಲ್ಲಿ. ಒಂದು ಸಂಖ್ಯೆಯನ್ನು 9ರಿಂದ ಭಾಗಿಸಿದರೆ ಉಳಿಯುವ ಶೇಷ ತಿಳಿಯಲು ಅಂಕಿಗಳನ್ನು ಕೂಡಿಸಿದರೆ ಸಾಕು ಎಂಬುದು ಶಾಲೆಯಲ್ಲಿ ಎಲ್ಲರೂ ಕಲಿತ ಉಪಾಯ. ನಮ್ಮ ದಶಮಾನದಲ್ಲಿ 9 ಏನೋ, ದ್ವಿಮಾನದಲ್ಲಿ ಈ ಒಂದುಗಳ ಸಂಖ್ಯೆಗಳು ಅದೇ. 31 ಎಂದರೆ 32ಕ್ಕಿಂತ ಒಂದು ಕಡಿಮೆ. 194ರಲ್ಲಿ ಆರು 32ಗಳಿವೆ, ಮಿಕ್ಕಿದ್ದು 2. ಆರು ಮತ್ತು ಎರಡು ಕೂಡಿದರೆ 8, ಅದೇ ಶೇಷ. ಕಂಪ್ಯೂಟರಿನ ಪಾಲಿಗೆ ಇದು ಬಿಟ್‌ಗಳ ಉದ್ದನೆಯ ಸಾಲನ್ನು ನಡುವೆ ಕತ್ತರಿಸಿ, ಮೇಲಿನ ತುಂಡನ್ನು ಕೆಳಗಿನದರ ಮೇಲಿಟ್ಟು ಕೂಡಿಸುವ ಕೆಲಸ. ನಾಲ್ಕು ಕೋಟಿ ಅಂಕಿಗಳ ಭಾಗಾಕಾರದ ಗೋಳೇ ಇಲ್ಲ. ಉಳಿದದ್ದು ವರ್ಗ ಮಾಡುವ ಕೆಲಸ ಮಾತ್ರ. ಅದಕ್ಕೆ ಶಬ್ದ ತರಂಗಗಳ ವಿಶ್ಲೇಷಣೆಯಲ್ಲಿ ಬಳಸುವ ಫೂರಿಯೇ ರೂಪಾಂತರದ ಚುರುಕು ವಿಧಾನವನ್ನು ಹಚ್ಚುತ್ತಾರೆ. ಡುರಾಂಟ್ ಅವರ ಸಂಖ್ಯೆಗೆ ಈ ಸುತ್ತು ಹದಿಮೂರೂವರೆ ಕೋಟಿಗೂ ಹೆಚ್ಚು ಸಲ ತಿರುಗಬೇಕು. ನಡುವೆ ಒಂದೇ ಒಂದು ಬಿಟ್ ತಪ್ಪಿದರೂ ಉತ್ತರ ಕೆಟ್ಟಂತೆಯೇ. ಅದಕ್ಕೇ ಬೇರೆ ಬೇರೆ ಯಂತ್ರಗಳಲ್ಲಿ ಅಷ್ಟೊಂದು ಮರುಪರೀಕ್ಷೆ.

ಈ ಪರೀಕ್ಷೆಗೆ ಕೂರಿಸುವ ಮುನ್ನ ಅಭ್ಯರ್ಥಿಗಳನ್ನು ಜರಡಿ ಹಿಡಿಯುವುದುಂಟು. ಇಂಥ ಸಂಖ್ಯೆಯನ್ನು ಭಾಗಿಸುವ ಅವಿಭಾಜ್ಯ ಯಾವುದೇ ಇರಲಿ, ಅದು ಘಾತಾಂಕದ ಎರಡರಷ್ಟರ ಯಾವುದೋ ಮಗ್ಗಿಗಿಂತ ಒಂದು ಹೆಚ್ಚಿರಬೇಕು. 11ಕ್ಕೆ 22, 23 ಅಂದರೆ 22 + 1, 89 ಅಂದರೆ 88 + 1. ಜತೆಗೆ ಅದನ್ನು 8ರಿಂದ ಭಾಗಿಸಿದರೆ ಶೇಷ 1 ಅಥವಾ 7 ಇರಬೇಕು. ಡುರಾಂಟ್ ಸಂಖ್ಯೆಗೆ ಮೊದಲ ಅನುಮಾನಿತ ಭಾಜಕ 27,25,59,683. 8ರಿಂದ ಭಾಗಿಸಿದರೆ ಶೇಷ 3, ಹಾಗಾಗಿ ಅದನ್ನು ಮುಟ್ಟಬೇಕಾಗಿಯೇ ಇಲ್ಲ. ಎರಡನೆಯದು 54,51,19,365, ಐದರಲ್ಲಿ ಮುಗಿಯುವುದರಿಂದ ಅದು ಅವಿಭಾಜ್ಯವೇ ಅಲ್ಲ. ಇಂಥ ಸೋಸುವಿಕೆಯಲ್ಲೇ ಬಹಳಷ್ಟು ಘಾತಾಂಕಗಳು ಉದುರಿಹೋಗುತ್ತವೆ.

ಲ್ಯೂಕಾಸ್ ತನ್ನ ವಿಧಾನದಿಂದ 2¹²⁷ − 1 ಅವಿಭಾಜ್ಯ ಎಂದು ಕೈಲೆಕ್ಕದಲ್ಲೇ ಕಂಡುಕೊಂಡಿದ್ದ. 39 ಅಂಕಿಗಳ ಆ ಸಂಖ್ಯೆ ಮುಕ್ಕಾಲು ಶತಮಾನ ದಾಖಲೆ ಉಳಿಸಿಕೊಂಡಿತು. ಆಮೇಲೆ ಕಂಪ್ಯೂಟರ್ ಬಂತು. ಕ್ಯಾಲಿಫೋರ್ನಿಯಾದ ರಾಫೇಲ್ ರಾಬಿನ್ಸನ್, ಲಾಸ್ ಏಂಜಲೀಸಿನಲ್ಲಿದ್ದ ಸ್ವ್ಯಾಕ್ ಎಂಬ ಯಂತ್ರವನ್ನು ಕಣ್ಣಾರೆ ನೋಡದೆ, ಕೈಪಿಡಿ ಓದಿಯೇ ಈ ಪರೀಕ್ಷೆಯ ಪ್ರೋಗ್ರಾಂ ಬರೆದು ಕಳಿಸಿದರು. 1952ರ ಜನವರಿ 30ರಂದು ಅದನ್ನು ಓಡಿಸಿದಾಗ ಒಂದೇ ರಾತ್ರಿ ಎರಡು ಹೊಸ ಅವಿಭಾಜ್ಯಗಳು ಬಿದ್ದವು: ಘಾತಾಂಕ 521 ಮತ್ತು 607. 1963ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 2¹¹²¹³ − 1 ಸಿಕ್ಕಾಗ ಅಲ್ಲಿನ ಗಣಿತ ವಿಭಾಗ ಹೆಮ್ಮೆಯಿಂದ ಅದನ್ನು ಅಂಚೆ ಮುದ್ರೆಯಲ್ಲೇ ಹಾಕಿಕೊಂಡಿತು. 1978ರಲ್ಲಿ ಲಾರಾ ನಿಕಲ್ ಮತ್ತು ಕರ್ಟ್ ನೋಲ್ ಎಂಬ 18ರ ಇಬ್ಬರು ವಿದ್ಯಾರ್ಥಿಗಳು 2²¹⁷⁰¹ − 1 ಹಿಡಿದರು.

1996ರಲ್ಲಿ ಜಾರ್ಜ್ ವೋಲ್ಟ್‌ಮನ್ ಇದನ್ನು ಎಲ್ಲರ ಆಟವಾಗಿಸಿದರು. ಅವರ ‘ಗಿಂಪ್ಸ್’ ಯೋಜನೆಯ ಪ್ರೋಗ್ರಾಂ ಇಳಿಸಿಕೊಂಡರೆ ಮನೆಯ ಕಂಪ್ಯೂಟರ್ ಬಿಡುವಿನ ಹೊತ್ತಿನಲ್ಲಿ ಒಂದೊಂದು ಘಾತಾಂಕವನ್ನು ಪರೀಕ್ಷಿಸುತ್ತ ಕೂರುತ್ತದೆ. ಆ ವರ್ಷದ ಕೊನೆಯಿಂದೀಚೆಗೆ ಸಿಕ್ಕ ಮರ್ಸೆನ್ ಅವಿಭಾಜ್ಯಗಳೆಲ್ಲ ಇದೇ ಬಲೆಗೆ ಬಿದ್ದವು. ಹತ್ತು ಲಕ್ಷ ಅಂಕಿ ದಾಟಿದ ಮೊದಲ ಅವಿಭಾಜ್ಯ 1999ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿದ್ದ ನಯನ್ ಹಜರತ್‌ವಾಲಾ ಅವರ ಪಾಲಾಯಿತು. ಎಲೆಕ್ಟ್ರಾನಿಕ್ ಫ್ರಾಂಟಿಯರ್ ಫೌಂಡೇಶನ್ 50,000 ಡಾಲರ್ ಬಹುಮಾನ ಕೊಟ್ಟಿತು. ಮಿಸ್ಸೌರಿಯ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ 2015ರ ಸೆಪ್ಟೆಂಬರಿನಲ್ಲೇ 2⁷⁴²⁰⁷²⁸¹ − 1 ಕಂಡುಹಿಡಿದಿತ್ತು, ಆದರೆ ಸುದ್ದಿ ಮುಟ್ಟಿಸುವ ಇಮೇಲ್ ಹೋಗಲೇ ಇಲ್ಲ. 2016ರ ಜನವರಿಯಲ್ಲಿ ಯಾರೋ ದಾಖಲೆ ತಿರುವಿದಾಗ ಅದು ಕಣ್ಣಿಗೆ ಬಿತ್ತು. ಮನುಷ್ಯನ ಕಣ್ಣಿಗೆ ಬಿದ್ದ ದಿನವೇ ಶೋಧದ ದಿನ ಎಂಬುದು ಇಲ್ಲಿನ ಸಂಪ್ರದಾಯ; ಯಂತ್ರಕ್ಕೆ ಪಾಪ, ಆ ಗೌರವವಿಲ್ಲ. ಅದರ ಮುಂದಿನ ದಾಖಲೆಯನ್ನು ಜಪಾನಿನ ಪ್ರಕಾಶಕರೊಬ್ಬರು 719 ಪುಟಗಳ ಪುಸ್ತಕವಾಗಿ ಅಚ್ಚು ಹಾಕಿದರು. ಪುಟ ತುಂಬ ಅಂಕಿಗಳು, ಬೇರೇನಿಲ್ಲ. ಅದೂ ಚೆನ್ನಾಗಿ ಮಾರಾಟವಾಯಿತು.

ಇದರಿಂದೇನು ಉಪಯೋಗ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬ್ಯಾಂಕ್ ವಹಿವಾಟಿನ ಗೋಪ್ಯತೆಗೆ ಇದು ಬೇಕು ಎಂದು ಕೆಲವರು ಬರೆಯುತ್ತಾರೆ, ಅದು ಸರಿಯಲ್ಲ. ಆ ಗುಪ್ತಲಿಪಿಯ ಅವಿಭಾಜ್ಯಗಳು ಸುಮಾರು 300 ಅಂಕಿಗಳವು, ಮತ್ತು ಯಾರಿಗೂ ಗೊತ್ತಿಲ್ಲದಿರುವುದೇ ಅವುಗಳ ಬೆಲೆ. ಊರಿಗೆಲ್ಲ ಗೊತ್ತಿರುವ ನಾಲ್ಕು ಕೋಟಿ ಅಂಕಿಗಳ ಬೀಗದಕೈ ಯಾವ ಬಾಗಿಲಿಗೂ ಆಗದು. ಚಿಕ್ಕ ಮರ್ಸೆನ್ ಸಂಖ್ಯೆಗಳು ಮಾತ್ರ ದುಡಿಯುತ್ತಿವೆ. ರಾಬಿನ್ಸನ್ ಹಿಡಿದ 2⁵²¹ − 1 ಇಂದು ಅಮೆರಿಕದ ಒಂದು ಗುಪ್ತಲಿಪಿ ಮಾನದಂಡದ ಅಡಿಪಾಯ. 1971ರಲ್ಲಿ ಸಿಕ್ಕ 2¹⁹⁹³⁷ − 1, ‘ಮರ್ಸೆನ್ ಟ್ವಿಸ್ಟರ್’ ಎಂಬ ಯಾದೃಚ್ಛಿಕ ಸಂಖ್ಯೆಗಳ ಪ್ರೋಗ್ರಾಂನ ಬೆನ್ನೆಲುಬು; ಪೈಥಾನ್ ಕಲಿಯುವ ಬೆಂಗಳೂರಿನ ಹುಡುಗ ಲೂಡೊ ಆಟದ ದಾಳ ಉರುಳಿಸುವ ಕೋಡ್ ಬರೆದಾಗ ಒಳಗೆ ಓಡುವುದು ಅದೇ. ದೊಡ್ಡವುಗಳ ಹುಡುಕಾಟದ ಅಡ್ಡಫಲವೂ ಇದೆ. 2016ರಲ್ಲಿ ಇಂಟೆಲ್‌ನ ಸ್ಕೈಲೇಕ್ ಚಿಪ್‌ಗಳಲ್ಲಿದ್ದ ದೋಷ ಬಯಲಾದದ್ದು ಗಿಂಪ್ಸ್ ಪ್ರೋಗ್ರಾಂ ಓಡಿಸುವಾಗ ಕಂಪ್ಯೂಟರ್‌ಗಳು ಹೆಪ್ಪುಗಟ್ಟಿ ನಿಂತದ್ದರಿಂದ.

ಯಾವುದೇ ಆಕಾರದ ಸಂಖ್ಯೆಗೂ ಅನ್ವಯಿಸುವ, ಎಂದೂ ತಪ್ಪದ, ಕಾಲಮಿತಿ ಕೈಮೀರದ ಪರೀಕ್ಷೆ ಇದೆಯೇ? ಇದೆ ಎಂದು 2002ರ ಆಗಸ್ಟಿನಲ್ಲಿ ತೋರಿಸಿದವರು ಕಾನ್ಪುರ ಐಐಟಿಯ ಮಣೀಂದ್ರ ಅಗ್ರವಾಲ್ ಮತ್ತು ಅವರ ಇಬ್ಬರು ಎಳೆಯ ಶಿಷ್ಯರಾದ ನೀರಜ್ ಕಯಾಲ್, ನಿತಿನ್ ಸಕ್ಸೇನಾ. ಜಗತ್ತೇ ತಿರುಗಿ ನೋಡಿದ ಆ ಕೆಲಸಕ್ಕೆ 2006ರಲ್ಲಿ ಗೋಡೆಲ್ ಪ್ರಶಸ್ತಿ ಬಂತು. ಕಯಾಲ್ ಮುಂದೆ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸೇರಿದರು. ಸಿದ್ಧಾಂತವಾಗಿ ಅದು ಅಪೂರ್ವ; ಕೋಟಿ ಅಂಕಿಗಳ ಮುಂದೆ ಮಾತ್ರ ನಿಧಾನ. ಹಾಗಾಗಿ ದಾಖಲೆಯ ಓಟದಲ್ಲಿ ಈಗಲೂ ಗೆಲ್ಲುವುದು ಒಂದುಗಳ ಸಾಲಿಗೆಂದೇ ಹೊಲಿದ ಲ್ಯೂಕಾಸ್‌ನ ಹಳೆಯ ಅಂಗಿ.

ಮರ್ಸೆನ್ ಅವಿಭಾಜ್ಯವೊಂದು ಸಿಕ್ಕೊಡನೆ ಉಚಿತವಾಗಿ ಬರುವ ಇನ್ನೊಂದು ಸಂಖ್ಯೆಯಿದೆ. 6ನ್ನು ಭಾಗಿಸುವ, ಅದಕ್ಕಿಂತ ಚಿಕ್ಕವಾದ 1, 2, 3 ಕೂಡಿದರೆ 6. 28ಕ್ಕೆ 1, 2, 4, 7, 14 ಕೂಡಿದರೆ 28. ಇಂಥವು ಪರಿಪೂರ್ಣ ಸಂಖ್ಯೆಗಳು. ಪ್ರತಿ ಮರ್ಸೆನ್ ಅವಿಭಾಜ್ಯವೂ ಒಂದು ಪರಿಪೂರ್ಣ ಸಂಖ್ಯೆ ಕೊಡುತ್ತದೆ ಎಂದು ಯೂಕ್ಲಿಡ್, ಸಮ ಸಂಖ್ಯೆಗಳಲ್ಲಿ ಪರಿಪೂರ್ಣವಾದವೆಲ್ಲ ಹೀಗೇ ಬರುತ್ತವೆ ಎಂದು ಆಯ್ಲರ್ ತೋರಿಸಿದರು. ಡುರಾಂಟ್ ಸಂಖ್ಯೆ ಹೆತ್ತ ಪರಿಪೂರ್ಣ ಸಂಖ್ಯೆಗೆ 8,20,48,640 ಅಂಕಿಗಳು. ಬೆಸ ಪರಿಪೂರ್ಣ ಸಂಖ್ಯೆ ಒಂದಾದರೂ ಇದೆಯೇ ಎಂಬುದು ಯಾರಿಗೂ ಗೊತ್ತಿಲ್ಲ.

ಡುರಾಂಟ್ ಅವರದು ನಮಗೆ ತಿಳಿದ 52ನೆಯ ಮರ್ಸೆನ್ ಅವಿಭಾಜ್ಯ. ಸಾಲಿನಲ್ಲಿ ಅದು ನಿಜಕ್ಕೂ 52ನೆಯದೇ ಎಂದು ಹೇಳಲು ಅದಕ್ಕಿಂತ ಕೆಳಗಿನ ಘಾತಾಂಕಗಳನ್ನೆಲ್ಲ ಎರಡೆರಡು ಸಲ ಪರೀಕ್ಷಿಸಿ ಮುಗಿಯಬೇಕು. ಚಿಕ್ಕವು ಆಮೇಲೆ ಸಿಗುವುದೂ ಉಂಟು: 2008ರ ಆಗಸ್ಟಿನಲ್ಲಿ 4,31,12,609 ಎಂಬ ಘಾತಾಂಕ ಗೆದ್ದ ಎರಡೇ ವಾರಗಳಲ್ಲಿ ಅದಕ್ಕಿಂತ ಚಿಕ್ಕದಾದ 3,71,56,667 ಸಿಕ್ಕಿತು, ಮರುವರ್ಷ ಇವೆರಡರ ನಡುವಿನ 4,26,43,801 ಪತ್ತೆಯಾಯಿತು. ಇಂಥ ಅವಿಭಾಜ್ಯಗಳಿಗೆ ಕೊನೆಯಿದೆಯೇ ಇಲ್ಲವೇ ಎಂಬುದಕ್ಕೂ ಸಾಧನೆ ಸಿಕ್ಕಿಲ್ಲ. ಇಲ್ಲವೆಂದೇ ಗಣಿತಜ್ಞರ ಊಹೆ.

ಹತ್ತು ಕೋಟಿ ಅಂಕಿಗಳ ಅವಿಭಾಜ್ಯಕ್ಕೆ 1,50,000 ಡಾಲರ್ ಬಹುಮಾನ ಕಾದಿದೆ. ಗ್ರಾಫಿಕ್ಸ್ ಚಿಪ್‌ಗಳ ವೇಗ ನೋಡಿದರೆ ಅದು ದೂರವಿಲ್ಲ. ಆದರೆ ಯಾವ ಚಿಪ್‌ಗೂ ಎಟುಕದ ಒಂದು ಅಭ್ಯರ್ಥಿ ಲ್ಯೂಕಾಸ್‌ನ ಕಾಲದಿಂದಲೂ ಇದೆ. 2ರಿಂದ ಶುರುಮಾಡಿ, ಬಂದ ಸಂಖ್ಯೆಯನ್ನೇ ಘಾತಾಂಕ ಮಾಡುತ್ತ ಹೋಗಿ: 2² − 1 = 3, 2³ − 1 = 7, 2⁷ − 1 = 127, ಆಮೇಲೆ 2¹²⁷ − 1. ಎಲ್ಲವೂ ಅವಿಭಾಜ್ಯ. ಲ್ಯೂಕಾಸ್‌ನ ಶೋಧ ತಿಳಿದ ಬೆಲ್ಜಿಯಂನ ಕ್ಯಾಟಲಾನ್ ಈ ಸರಪಳಿಯನ್ನು 1876ರಲ್ಲೇ ಗುರುತಿಸಿದ್ದ. ಮುಂದಿನ ಕೊಂಡಿಯೂ ಅವಿಭಾಜ್ಯವೇ? ಅದರಲ್ಲಿರುವ ಅಂಕಿಗಳ ಲೆಕ್ಕ ಬರೆಯಲಿಕ್ಕೇ 38 ಅಂಕಿ ಬೇಕು, ಹಾಗಾಗಿ ಲ್ಯೂಕಾಸ್–ಲೆಹ್ಮರ್ ಪರೀಕ್ಷೆಯ ಮಾತೇ ಇಲ್ಲ. ಇದೇ ರೀತಿ ಆಸೆ ಹುಟ್ಟಿಸಿದ್ದ 2⁸¹⁹¹ − 1, ಘಾತಾಂಕ ಸ್ವತಃ ಮರ್ಸೆನ್ ಅವಿಭಾಜ್ಯವಾಗಿದ್ದರೂ, 1953ರಲ್ಲಿ ಪರೀಕ್ಷೆಯಲ್ಲಿ ಸೋತಿತು. ಕ್ಯಾಟಲಾನ್‌ನ ಸಂಖ್ಯೆಗೆ ಉಳಿದಿರುವುದು ಜರಡಿಯ ದಾರಿಯೊಂದೇ: 2¹²⁷ − 1ರ ಎರಡರಷ್ಟರ ಮಗ್ಗಿಗಳಿಗೆ ಒಂದು ಕೂಡಿಸುತ್ತ, ಯಾವುದಾದರೂ ಭಾಗಿಸೀತೇ ಎಂದು ನೋಡುತ್ತ ಹೋಗುವುದು. ಇಲ್ಲಿಯವರೆಗೆ ಯಾವುದೂ ಭಾಗಿಸಿಲ್ಲ.